ಅತ್ತೆಯ ಹೆಸರಿನ ಮೂವರು

ಗೆಳೆಯರೇ, ಈಗಷ್ಟೇ ಮನೆಗೆ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ಪ್ರತಾಪ ನಗರದಲ್ಲಿ ಇವತ್ತು ನಮ್ಮ ಕನ್ನಡದ ಮಂದಿ ಸೇರಿ ನನ್ನ ಸೋದರತ್ತೆ ಇಂದುಮತಿಗೆ ಸನ್ಮಾನ ಇಟ್ಟುಕೊಂಡಿದ್ದರು. ಅತ್ತೆ ಇದೇ ನಾಗಪುರದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವರು.

ಪರಿಚಯ ಮಾಡಿಕೊಡಲು ನಿಂತ ಕಾರ್ಯದರ್ಶಿ ಮೊಬೈಲ್ ನೋಡಿ ಓದತೊಡಗಿದರು. ಅತ್ತೆ ಹಾಕಿ ತಂಡದ ನಾಯಕಿಯಾಗಿದ್ದರಂತೆ. ಮಂಡಿನೋವಿನ ಅತ್ತೆಯನ್ನು ಆಗಷ್ಟೇ ಇಬ್ಬರು ಕೈಹಿಡಿದು ವೇದಿಕೆ ಹತ್ತಿಸಿದ್ದರು. ಆಮೇಲೆ ಸಿನಿಮಾಗಳಲ್ಲಿ ಹಾಡಿದರಂತೆ. ಕೊನೆಗೆ, "ದೀರ್ಘಕಾಲದ ಅನಾರೋಗ್ಯದಿಂದ ಮುಂಬೈಯಲ್ಲಿ ನಿಧನರಾದರು" ಎಂದೂ ಓದಿ ಮುಗಿಸಿದರು. ಸಭೆ ರೂಢಿಯಂತೆ ಚಪ್ಪಾಳೆ ತಟ್ಟಿತು.

ನಾನು ವೇದಿಕೆಗೇ ಹೋಗಿ, ಆ ಆಟಗಾರ್ತಿ ಬೇರೆ, ಆ ಗಾಯಕಿ ಬೇರೆ, ನಮ್ಮ ಅತ್ತೆಯೇ ಬೇರೆ ಎಂದೆ.

"ಹೆಸರು ಬರೋಬರ್ ಐತಲ್ರಿ" ಎಂದರು ಕಾರ್ಯದರ್ಶಿ. "ಈಗ ಶಾಲು ಹೊದಿಸೂಣು, ಜಲ್ದಿ ಮುಗಿಸ್ರಿ, ಊಟ ಆರಾಕತ್ತೈತಿ."

ಹೊದಿಸಿದ ಶಾಲನ್ನು ಅತ್ತೆ ನಿಧಾನವಾಗಿ ತೆಗೆದು, ಮಡಚಿ, ಅವರ ಕೈಗೇ ಕೊಟ್ಟರು. "ಇದನ್ನ ಸತ್ತಾಕಿ ಮನೀಗೆ ಕಳಿಸ್ರಿ. ನಾ ಇನ್ನೂ ಅದೀನಿ."

ಶಾಲು ಯಾವ ಬಣ್ಣದ್ದಿರಲಿ ಎಂದು ಕೇಳಲು ಇದೇ ಮನುಷ್ಯ ಈ ವಾರ ಮೂರು ಸಲ ಅತ್ತೆಗೆ ಫೋನ್ ಮಾಡಿದ್ದರು. ನೀವು ಏನು ಕೆಲಸ ಮಾಡುತ್ತಿದ್ದಿರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಬಣ್ಣ ಮಾತ್ರ ಅತ್ತೆ ಹೇಳಿದ್ದೇ ಇತ್ತು.