ಎರಡು ಸಾರಿ ಹೇಳಿದ ಸಾಕ್ಷಿ

ಮೊದಲು ಬಂದದ್ದು ಕೆಮ್ಮಲ್ಲ, ಸುಸ್ತು. ಬೀರೂರಿನ ರೈಲ್ವೆ ಕ್ವಾರ್ಟರ್ಸಿನ ನಲ್ಲಿಯಿಂದ ನಮ್ಮ ಮನೆಗೆ ನಾಲ್ಕು ಹೆಜ್ಜೆ. ಅಷ್ಟು ದೂರಕ್ಕೇ ಕೊಡವನ್ನು ಎರಡು ಕಡೆ ಇಳಿಸಬೇಕಾಗುತ್ತಿತ್ತು. ಸಂಜೆಯಾದರೆ ಸಣ್ಣ ಜ್ವರ. ಎಪ್ಪತ್ತೆಂಟರ ಬೇಸಿಗೆ ಅದು. ಇಂಜಿನ್ ಹೊಗೆ ಕುಡಿದೂ ಕುಡಿದೂ ಹೀಗಾಗಿದೆ ಎಂದು ನನಗೆ ನಾನೇ ಡಾಕ್ಟರಾದೆ. ನಮ್ಮವರು ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಅವರಿಗೆ ಹೇಳಿದರೆ ರಜೆ ಹಾಕಬೇಕಾದೀತು ಎಂದು ಸುಮ್ಮನಿದ್ದೆ.

ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಕೆಮ್ಮು ಬಂದು ಬಚ್ಚಲ ಕಲ್ಲಿನ ಮೇಲೆ ರಕ್ತ ಬಿತ್ತು.

ಕಡೂರಿನ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು, ಕಫ ಪರೀಕ್ಷೆ ಮಾಡಿದರು. ಟಿ.ಬಿ. ಡಾಕ್ಟರದು ಚಿಕ್ಕ ವಯಸ್ಸು, ಮಾತು ಕಮ್ಮಿ. "ಹದಿನೆಂಟು ತಿಂಗಳು ಮಾತ್ರೆ. ಮೊದಲ ಎರಡು ತಿಂಗಳು ದಿನಾ ಇಂಜೆಕ್ಷನ್. ಒಂದು ದಿನಾನೂ ತಪ್ಪಿಸೋ ಹಾಗಿಲ್ಲ. ಮನೇಲಿ ಮಗು ಇದ್ಯಾ?"

ಇದೆ ಎಂದೆ. ಮೂರು ವರ್ಷದ ಮಗಳು, ರೂತ್.

"ಸ್ವಲ್ಪ ಕಾಲ ಬೇರೆ ಕಡೆ ಬಿಡಿ."

ಅಜ್ಜಂಪುರದಿಂದ ನನ್ನ ಅವ್ವ ಬಂದು ಅವಳನ್ನು ಕರೆದುಕೊಂಡು ಹೋದಳು. ರೂತ್ ಕಿಟಕಿಯಲ್ಲಿ ಕೂತು ಖುಷಿಯಿಂದ ಕೈ ಬೀಸಿದಳು. ನಾನು ಬಾಯಿಗೆ ಸೆರಗು ಒತ್ತಿಕೊಂಡು ದೂರದಲ್ಲಿ ನಿಂತಿದ್ದೆ.

ಆಮೇಲಿನ ದಿನಗಳು ಒಂದರ ಹಾಗೇ ಇನ್ನೊಂದು. ಇಂಜೆಕ್ಷನ್ ಚುಚ್ಚಿದ ಕಡೆ ಗಂಟು. ಮಾತ್ರೆ ನುಂಗಿದರೆ ಮಧ್ಯಾಹ್ನದವರೆಗೆ ಹೊಟ್ಟೆ ತೊಳೆಸುವುದು. ನನಗೇ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ. ಆಗ ಸದಾ ಪ್ರಾರ್ಥನೆಯಲ್ಲಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಪ್ರಾರ್ಥನೆಗೆ ಕೂರುತ್ತಿದ್ದೆ, ತೂಕಡಿಸುತ್ತಿದ್ದೆ. ನನ್ನ ಪಾಲಿನದನ್ನೂ ನಮ್ಮತ್ತೆ ಕರುಣಮ್ಮನೇ ಮಾಡುತ್ತಿದ್ದರು. ಅವರ ಪ್ರಾರ್ಥನೆ ಎಂದರೆ ದೇವರಿಗೆ ಕೆಲಸ ಹೇಳಿದ ಹಾಗೆ: ಜ್ವರ ಇಳಿಸು, ಅನ್ನ ಸೇರೋ ಹಂಗೆ ಮಾಡು, ಮಗೂನ ನೋಡ್ಕೋ, ಆಮೆನ್.

ನಮ್ಮದು ಆರೇ ಮನೆಗಳ ಕ್ರೈಸ್ತ ಸಭೆ, ಎಲ್ಲರೂ ರೈಲ್ವೆಯವರು. ಬುಧವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ. ಕೊನೆಯಲ್ಲಿ ಒಬ್ಬೊಬ್ಬರೂ ಎದ್ದು ನಿಂತು, ದೇವರು ತಮಗೆ ಮಾಡಿದ ಉಪಕಾರವನ್ನು ಹೇಳಬೇಕು. ಅದಕ್ಕೆ ಸಾಕ್ಷಿ ಎನ್ನುತ್ತೇವೆ. ನಾನು ಬಾಗಿಲ ಹೊರಗೆ ಕೂತಿರುತ್ತಿದ್ದೆ. ನನ್ನ ಸರದಿ ಬಂದಾಗ ಎಲ್ಲರೂ ಹಾಡಿನ ಪುಸ್ತಕ ತಿರುವುತ್ತಿದ್ದರು.

ಐದನೇ ತಿಂಗಳಲ್ಲಿ ಕೆಮ್ಮು ನಿಂತಿತು. ಮೈ ತುಂಬಿಕೊಂಡಿತು. "ಕಫದಲ್ಲಿ ಈಗೇನೂ ಕಾಣ್ತಿಲ್ಲ. ಆದರೂ ಮಾತ್ರೆ ಬಿಡಬೇಡಿ" ಎಂದರು ಡಾಕ್ಟರು. ನಾನು ಅರ್ಧ ಮಾತು ಕೇಳಿಸಿಕೊಂಡು ಬಂದೆ. ಆ ಬುಧವಾರ ಎದ್ದು ನಿಂತು, "ಕರ್ತನು ನನ್ನನ್ನು ಪೂರ್ತಿ ವಾಸಿ ಮಾಡಿದ್ದಾನೆ" ಎಂದುಬಿಟ್ಟೆ. ಎಲ್ಲರೂ ಸ್ತೋತ್ರ ಎಂದರು. ಪಕ್ಕದ ಮನೆಯ ಮಾರ್ತಾ ನನ್ನ ಕೈ ಹಿಡಿದು ಅತ್ತಳು. ಅಷ್ಟು ತಿಂಗಳಲ್ಲಿ ನನ್ನ ಕೈ ಮುಟ್ಟಿದ ಮೊದಲ ನೆರೆಯವಳು ಅವಳು.

ಮರುದಿನ ಬೆಳಿಗ್ಗೆ ಮಾತ್ರೆ ಅಂಗೈಯಲ್ಲಿತ್ತು. ನಿನ್ನೆ ಪೂರ್ತಿ ವಾಸಿ ಎಂದವಳು ಇವತ್ತು ಇದನ್ನು ನುಂಗಿದರೆ ದೇವರನ್ನು ನಂಬಿಲ್ಲ ಎಂದ ಹಾಗಾಗುವುದಿಲ್ಲವೇ? ಯಾರೂ ನನಗೆ ಹಾಗೆ ಕಲಿಸಿರಲಿಲ್ಲ, ಅದು ನನ್ನ ತಲೆಯಲ್ಲೇ ಹುಟ್ಟಿದ ಉಪದೇಶ. ಹೊಟ್ಟೆ ತೊಳೆಸುವುದೂ ತಪ್ಪುತ್ತದೆ ಎಂಬ ಆಸೆಯೂ ಅದರಲ್ಲಿತ್ತು, ಮುಚ್ಚಿಡುವುದಿಲ್ಲ. ಹಿತ್ತಲ ದಾಸವಾಳದ ಬುಡದಲ್ಲಿ ಮಾತ್ರೆ ಹೂತೆ. ದಿನಾ ಹೂತೆ. ಮುಂದಿನ ವಾರ ರೂತ್ ಮನೆಗೆ ಬಂದಳು.

ಮೂರು ತಿಂಗಳು ಸುಖವಾಗಿದ್ದೆವು. ಆಮೇಲೆ ಸಂಜೆಯ ಜ್ವರ ಬಂತು. ಆಮೇಲೆ ಕೆಮ್ಮು.

ಆಮೇಲೆ ಕರವಸ್ತ್ರದಲ್ಲಿ ರಕ್ತ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗು ಹೋಗುತ್ತದೆ, ದೇವರ ಮಾನವೂ ಹೋಗುತ್ತದೆ. ದೇವರ ಮಾನ ಕಾಯುವ ಕೆಲಸ ನನ್ನದು ಎಂದುಕೊಂಡಿದ್ದೆ! ರೂತ್ ಮಡಿಲಿಗೆ ಬಂದರೆ ಏನಾದರೂ ನೆಪ ಹೇಳಿ ಅತ್ತೆಯ ಹತ್ತಿರ ಅಟ್ಟುತ್ತಿದ್ದೆ. ಅವಳನ್ನು ಇಟ್ಟುಕೊಳ್ಳುವುದಕ್ಕೆಂದೇ ಸುಳ್ಳು ಹೇಳಿ, ಅವಳನ್ನೇ ದೂರ ತಳ್ಳುತ್ತಿದ್ದೆ.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ನಮ್ಮ ಪಾದ್ರಿ ಅಯ್ಯನವರು ತರೀಕೆರೆಯಲ್ಲಿ ಬೆಳಗಿನ ಆರಾಧನೆ ಮುಗಿಸಿ, ರೈಲು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ಸಾಲಾಗಿ ಮೊಣಕಾಲೂರುತ್ತೇವೆ. ರೊಟ್ಟಿಯ ತುಂಡು ಕೊಟ್ಟು, ದ್ರಾಕ್ಷಾರಸದ ಬಟ್ಟಲನ್ನು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹಿಡಿಯುತ್ತಾರೆ. ಎಲ್ಲರಿಗೂ ಒಂದೇ ಬಟ್ಟಲು. ಅಂಚನ್ನು ಬಿಳಿ ಬಟ್ಟೆಯಲ್ಲಿ ಒರೆಸುತ್ತಾರೆ, ಅಷ್ಟೇ. ಆ ದಿನ ನನ್ನ ಪಕ್ಕದಲ್ಲಿ ಮಾರ್ತಾ ಇದ್ದಳು, ಆರು ತಿಂಗಳ ಬಸುರಿ. ನನ್ನ ನಂತರ ಅವಳು.

ಬಟ್ಟಲು ನನ್ನ ಮುಂದೆ ಬಂತು. ಆಗ ಪವಿತ್ರವಾದ ಯೋಚನೆ ಯಾವುದೂ ಬರಲಿಲ್ಲ. ಬಟ್ಟಲಿನ ಅಂಚು ಕಾಣಿಸಿತು, ಅವಳ ಹೊಟ್ಟೆ ಕಾಣಿಸಿತು.

"ಬೇಡ ಅಯ್ಯನವರೇ."

"ಯಾಕಮ್ಮಾ?"

"ಮತ್ತೆ ರಕ್ತ ಬೀಳ್ತಿದೆ. ಮಾತ್ರೆ ಬಿಟ್ಟು ನಾಲ್ಕು ತಿಂಗಳಾಯ್ತು. ಅವತ್ತು ನಾನು ಹೇಳಿದ್ದು ಸುಳ್ಳು ಸಾಕ್ಷಿ."

ಹೊರಗೆ ಇಂಜಿನ್ ಶಂಟಿಂಗ್ ಮಾಡುತ್ತಿತ್ತು. ಅಯ್ಯನವರು ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡು ಉಳಿದವರಿಗೆ ಕೊಟ್ಟು ಮುಗಿಸಿದರು. ಆಮೇಲೆ ನನ್ನ ಹತ್ತಿರ ಬಂದು, ರೊಟ್ಟಿಯ ತುಂಡನ್ನು ರಸದಲ್ಲಿ ಅದ್ದಿ ನನ್ನ ಅಂಗೈಗಿಟ್ಟರು. "ತಗೋಮ್ಮ. ಇದೂ ಅದೇ."

ಆರಾಧನೆ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ ಹೇಳಿದರು: "ಸಕ್ಕರೆ ಕಾಯಿಲೆಗೆ ನಾನೂ ದಿನಾ ಮಾತ್ರೆ ತಗೋತೀನಿ. ಒಂದು ದಿನಾನಾದ್ರೂ ಪ್ರಸಂಗದಲ್ಲಿ ಅದನ್ನ ಹೇಳಿದ್ರೆ ನಿನಗೆ ಇಷ್ಟು ಕಷ್ಟ ಆಗ್ತಿರಲಿಲ್ಲವೇನೋ."

ಮನೆಯಲ್ಲಿ ಅತ್ತೆ ಸುಮ್ಮನೆ ಬಿಡಲಿಲ್ಲ. "ಮಾತ್ರೇನ ದಾಸವಾಳಕ್ಕೆ ಹಾಕಿದ್ಯಾ? ಗಿಡಕ್ಕೆ ಟಿ.ಬಿ. ಬಂದಿತ್ತೇನೇ?" ಎಂದು ಬೈದರು. ಬೈದು, ಒಲೆಯ ಮುಂದೆ ಕೂತು ಅತ್ತರು. ನಮ್ಮವರು ರಜೆ ಚೀಟಿ ಬರೆದರು.

ಡಾಕ್ಟರು ಹೊಸ ಕಾರ್ಡು ಮಾಡಿದರು. "ಮೊದಲಿಂದ ಶುರು" ಎಂದರು. ಮತ್ತೆ ಹದಿನೆಂಟು ತಿಂಗಳು, ಮತ್ತೆ ಇಂಜೆಕ್ಷನ್. ಮತ್ತೆ ಅಜ್ಜಂಪುರದಿಂದ ಅವ್ವ ಬಂದಳು.

ಈ ಸಾರಿ ರೂತ್ ಕೈ ಬೀಸಲಿಲ್ಲ.

ಆಗ ದೇವರ ಮೇಲೆ ಬಹಳ ಸಿಟ್ಟು ಬಂತು. ನನ್ನ ತಪ್ಪೇ ಎಂದು ಗೊತ್ತಿದ್ದೂ ಬಂತು. ಕಷ್ಟದಲ್ಲಿ ನಂಬಿಕೆ ಬಲವಾಯಿತು ಎಂದು ಬರೆಯಲು ಆಸೆಯೇನೋ ಇದೆ, ಆದರೆ ಬಲವಾಯಿತೋ ಇಲ್ಲವೋ ಗೊತ್ತಿಲ್ಲ. ಸಿಟ್ಟನ್ನೂ ಆತನ ಹತ್ತಿರವೇ ಹೇಳಿಕೊಂಡೆ, ಬೇರೆ ಯಾರ ಹತ್ತಿರ ಹೇಳಲಿ? ಬೆಳಿಗ್ಗೆ ಅತ್ತೆ ನೀರಿನ ಲೋಟ ಹಿಡಿದು ಬರುತ್ತಾರೆ. ಊಟಕ್ಕೆ ಮುಂಚೆ ಮಾಡುವ ಪ್ರಾರ್ಥನೆಯನ್ನೇ ಮಾತ್ರೆಯ ಮೇಲೂ ಮಾಡುತ್ತಾರೆ. ನುಂಗಿದ ಮೇಲೆ, "ಎಲ್ಲಿ, ನಾಲಿಗೆ ಎತ್ತು" ಎನ್ನುತ್ತಾರೆ. ಒಂದು ದಿನವೂ ತಪ್ಪಿಸಿಲ್ಲ, ಅವರೂ, ನಾನೂ.

ಈಗ ಹದಿನಾಲ್ಕು ತಿಂಗಳು ಮುಗಿದಿದೆ. ಮೂರು ಸಾರಿ ಕಫ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಹೋದ ತಿಂಗಳು ರೂತ್ ಬಂದಳು. ಎರಡು ದಿನ ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿ, ಮೂರನೇ ದಿನ ತಲೆ ಬಾಚು ಎಂದು ಬಾಚಣಿಗೆ ಹಿಡಿದು ಬಂದಳು. ಮಾರ್ತಾಳ ಗಂಡು ಮಗು ಗುಂಡುಗುಂಡಾಗಿದೆ.

ಮೊನ್ನೆಯ ಬುಧವಾರ ಕೂಟ ನಮ್ಮ ಮನೆಯಲ್ಲೇ ಇತ್ತು. ನನ್ನ ಸರದಿ ಬಂದಾಗ ಎಲ್ಲರೂ ಮತ್ತೆ ಹಾಡಿನ ಪುಸ್ತಕ ತಿರುವತೊಡಗಿದರು. ನಾನು ಎದ್ದು ನಿಂತೆ.

"ವಾಸಿಯಾಯ್ತು ಅಂತ ಹೇಳಲ್ಲ. ಇನ್ನೂ ನಾಲ್ಕು ತಿಂಗಳಿದೆ. ಇವತ್ತಿನ ಮಾತ್ರೆ ತಗೊಂಡಿದೀನಿ. ಕರ್ತನಿಗೆ ಸ್ತೋತ್ರ."

ಆಗ ಹಿಂದಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಎದ್ದರು.

"ಹೌದು, ನುಂಗಿದ್ಲು. ನಾನೇ ನೋಡಿದೀನಿ" ಎಂದರು.