ನಾಯಕನ ಕಲ್ಲಿನ ಸ್ಟಾಪು

ಕಾರವಾರ–ಅಂಕೋಲಾ ಬಸ್ಸಿನ ಕಂಡಕ್ಟರೊಬ್ಬರು ಅವರ್ಸಾ ದಾಟಿದೊಡನೆ ಗಂಟೆ ಎಳೆದು ಕೂಗುತ್ತಿದ್ದರು: "ನಾಯಕನ ಕಲ್ಲು. ಯಾರರೂ ಇಳೂದು ಅದ್ಯಾ?"

ಅಲ್ಲಿ ಸ್ಟಾಪಿರಲಿಲ್ಲ, ಯಾರೂ ಇಳಿಯುತ್ತಿರಲಿಲ್ಲ. ಪೊದೆಯೊಳಗೊಂದು ಗಿಡ್ಡ ಕಲ್ಲಿತ್ತು. ಬ್ರಿಟಿಷರ ಮೇಲೆ ದಂಗೆಯೆದ್ದವರ ಪಡೆ ನಡೆಸಿದವನೊಬ್ಬ ಅಲ್ಲಿ ಗುಂಡೇಟಿಗೆ ಸತ್ತನಂತೆ. ಪಠ್ಯಪುಸ್ತಕದಲ್ಲಿ ಅವನಿಲ್ಲ.

ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ ಗದರಿದರು: "ಯಾರೂ ಇಳಿಯೂದಿಲ್ಲ, ಮತ್ಯಾಕೆ ನಿಲ್ಲಿಸ್ತೀರಿ?"

ಕಂಡಕ್ಟರರು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, "ಬೇರೆ ಯಾರೂ ಅಂವನ ಸುದ್ದಿ ತೆಗೂದಿಲ್ಲ ಸಾಹೇಬ್ರೆ" ಎಂದರು.

ರಸ್ತೆ ಅಗಲವಾದಾಗ ಕಲ್ಲು ಹೋಯಿತು. ಅವರೂ ನಿವೃತ್ತರಾದರು.

ಮೊನ್ನೆ ಅದೇ ದಾರಿಯ ಬಸ್ಸಿನಲ್ಲಿದ್ದೆ. ಮೀನುಬುಟ್ಟಿಯ ಹೆಂಗಸೊಬ್ಬಳು, ವಿಜಯಪುರ ಕಡೆಯ ಹೊಸ ಕಂಡಕ್ಟರಿಗೆ, "ನಾಯಕನ ಕಲ್ಲಿಗೊಂದು ಟಿಕೇಟು ಕೊಡೋ ತಮಾ" ಎಂದಳು. ಆತ ಏನೂ ಕೇಳದೆ ಕೊಟ್ಟ.

ಕಲ್ಲಿಲ್ಲದ ಜಾಗದಲ್ಲಿ ಬಸ್ಸು ನಿಂತಿತು. ಅವಳು ಇಳಿದಳು.