ತಪ್ಪು ಹಿಡಿಯುವವರಿರುವ ಊರು

ಪೀಣ್ಯದ ಒಂದು ಅಡ್ಡರಸ್ತೆಯ ತುದಿಯಲ್ಲಿ, ಲೇತ್ ಯಂತ್ರಗಳ ಶೆಡ್ಡುಗಳಿಗೂ ಬಣ್ಣದ ಡ್ರಮ್ಮುಗಳ ಗೋದಾಮಿಗೂ ನಡುವೆ, ಒಂದು ಚಿಕ್ಕ ಈಶ್ವರನ ಗುಡಿಯಿದೆ. ಅಲ್ಲಿ ಪೂಜೆ ಮಾಡುತ್ತಲೇ ನನ್ನ ತಲೆಗೂದಲು ಬೆಳ್ಳಗಾಯಿತು. ಬೆಳಗಿನ ಪಾಳಿಗೆ ಹೋಗುವವರು ಗುಡಿಯ ಮುಂದೆ ಬೈಕು ನಿಲ್ಲಿಸಿ, ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡೇ ತೀರ್ಥಕ್ಕೆ ಕೈಯೊಡ್ಡುತ್ತಾರೆ. ಎಷ್ಟು ತೊಳೆದರೂ ಎಣ್ಣೆಯ ಕಪ್ಪು ಬಿಡದ ಕೈಗಳು ಅವು. ಆ ಕೈಗಳ ಮೇಲೆ ನನಗೆ ಗೌರವವಿದೆ. ಆದರೆ ಅವರಿಗೆ ಹೊತ್ತಿಲ್ಲ. ಎದುರಿನ ಕಾರ್ಖಾನೆಯ ಮೊದಲ ಸೈರನ್ ಎಚ್ಚರಿಕೆಗೆ. ಎರಡನೆಯದು ಕೂಗುವುದರೊಳಗೆ ಎಲ್ಲರೂ ಗೇಟಿನ ಒಳಗಿರಬೇಕು. ಮೊದಲನೆಯದು ಕೂಗುವಾಗ ನನ್ನ ಅಭಿಷೇಕದ ಮಂತ್ರ ಇನ್ನೂ ನಡುದಾರಿಯಲ್ಲಿರುತ್ತದೆ.

"ಸ್ವಾಮಿಗಳೇ, ಸ್ವಲ್ಪ ಶಾರ್ಟಾಗಿ ಮುಗಿಸ್ಬಿಡಿ. ನಮ್ ಕಷ್ಟ ಶಿವನಿಗೂ ಗೊತ್ತು, ಅವನೇನ್ ಲೇಟ್ ಮಾರ್ಕ್ ಹಾಕಲ್ಲ," ಎಂದು ಅಲ್ಲಿನ ಸೂಪರ್‌ವೈಸರ್ ಒಬ್ಬರು ನಗುತ್ತ ಹೇಳುತ್ತಿದ್ದರು. ನಾನು ಮಂತ್ರವನ್ನು ಎಂದೂ ಕಡಿತಗೊಳಿಸಲಿಲ್ಲ. ವೇಗವನ್ನು ಮಾತ್ರ ಹೆಚ್ಚಿಸಿಕೊಂಡೆ. ಹಾಗೆಂದೇ ನಂಬಿಕೊಂಡಿದ್ದೆ.

ಲಿಂಗದ ಮೇಲೆ ತೂಗುಹಾಕಿದ ತಾಮ್ರದ ಧಾರಾಪಾತ್ರೆಯೊಂದಿದೆ. ಅದರ ತಳದ ಸಣ್ಣ ರಂಧ್ರದಿಂದ ನೀರು ಎಳೆಯೆಳೆಯಾಗಿ ಇಳಿಯುತ್ತದೆ. ಆ ಧಾರೆಗೂ ನನ್ನ ಕಂಠಕ್ಕೂ ಬಹುಕಾಲದ ಹೊಂದಾಣಿಕೆ: ಮಂತ್ರ ಮುಗಿಯುವಲ್ಲಿ ನೀರೂ ಮುಗಿಯುತ್ತಿತ್ತು. ನಾನು ವೇಗ ಹೆಚ್ಚಿಸಿಕೊಂಡಾಗ ಪಾತ್ರೆಗೆ ಹಾಕುವ ನೀರನ್ನೂ ಆ ಲೆಕ್ಕಕ್ಕೆ ಇಳಿಸಿಕೊಂಡಿದ್ದೆ. ಒಂದು ಬೆಳಗ್ಗೆ ಮಂತ್ರ ಮುಗಿದು ಮಂಗಳಾರತಿಗೆಂದು ಕರ್ಪೂರಕ್ಕೆ ಕೈ ನೀಡಿದಾಗ, ಧಾರೆ ಇನ್ನೂ ಇಳಿಯುತ್ತಲೇ ಇತ್ತು. ಇಣುಕಿ ನೋಡಿದರೆ ಪಾತ್ರೆಯಲ್ಲಿ ಅರ್ಧದಷ್ಟು ನೀರು.

ಎಲ್ಲೋ ಹಾರಿದ್ದೆ. ಒಂದೇ ಬಗೆಯ ಪದಗಳು ಮತ್ತೆ ಮತ್ತೆ ಬರುವ ಮಂತ್ರ ಅದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ನಾಲಗೆ ತಾನಾಗಿಯೇ ಜಾರಿಬಿಡಬಹುದು. ಮನೆಗೆ ಬಂದು ಪುಸ್ತಕ ತೆರೆದು ಓದಿದೆ, ಎಲ್ಲವೂ ಸರಿಯಾಗಿತ್ತು. ಮುಚ್ಚಿ ಹೇಳಿದೆ; ಸರಿಯೆಂದೇ ತೋರಿತು. ಮರುದಿನ ಗುಡಿಯಲ್ಲಿ ಮತ್ತೆ ನೀರು ಉಳಿಯಿತು. ಪುಸ್ತಕವು ದಾರಿಯನ್ನು ತೋರಿಸುತ್ತದೆಯೇ ಹೊರತು, ತಪ್ಪಿ ನಡೆದವನ ಹೆಗಲು ಹಿಡಿದು ನಿಲ್ಲಿಸುವುದಿಲ್ಲ.

ನನ್ನನ್ನು ದಣಿಸಿದ್ದು ಮರೆವಲ್ಲ. ಈ ವಯಸ್ಸಿಗೆ ಅದು ಬರತಕ್ಕದ್ದೇ. ಅಷ್ಟು ಜನ ಕೈಮುಗಿದು ನಿಂತಿದ್ದರು, ಒಬ್ಬರಿಗೂ ತಿಳಿಯಲಿಲ್ಲ. ನಾನು ಅರ್ಧ ಮಂತ್ರವನ್ನೇ ಹೇಳಿ ಇನ್ನು ಹತ್ತು ವರ್ಷ ತೀರ್ಥ ಕೊಟ್ಟರೂ ಇಲ್ಲಿ ಯಾರೂ ಕೇಳುವವರಿಲ್ಲವೆಂಬ ಅರಿವೇ ನನ್ನ ಬೆನ್ನಿನ ಮೇಲೆ ಭಾರವಾಗಿ ಕುಳಿತಿತ್ತು.

ಭಾನುವಾರ ನಮ್ಮ ರಸ್ತೆಯ ಕಾರ್ಖಾನೆಗಳಿಗೆ ರಜೆ. ಅಂದು ಮೈಸೂರಿಗೆ ಹೋಗಿ ಬರುತ್ತೇನೆಂದಾಗ ಹೆಂಡತಿ ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತಿದಳು.

"ಅಲ್ಲಾ ರೀ, ಇರೋದೊಂದು ರಜಾ. ಕಾಲು ಚಾಚಿ ಮಲಗೋದ್ ಬಿಟ್ಟು ಅಲ್ಲೇನ್ ಕೆಲಸ?"

"ಪಾಠಶಾಲೆಯ ಗೆಳೆಯನನ್ನು ನೋಡಿ ಬಹಳ ದಿನವಾಯಿತು."

ಅವಳು ಮತ್ತೆ ಸೊಪ್ಪಿಗೆ ಕೈಹಾಕಿ, "ಸಂಜೆ ದೀಪ ನಾನು ಹಚ್ತೀನಿ. ಬರ್ತಾ ರಸಬಾಳೆ ಸಿಕ್ಕಿದ್ರೆ ತನ್ನಿ. ಪುಟಬಾಳೆ ತಂದು ರಸಬಾಳೆ ಅನ್ಬೇಡಿ ಮತ್ತೆ," ಎಂದಳು.

ಭಾನುವಾರ ಬೆಳಗಿನ ಪೂಜೆ ಮುಗಿಸಿ ಬಾಗಿಲೆಳೆಯುವಾಗ ಎದುರು ಗೇಟಿನ ಕಾವಲುಗಾರನೂ ಎಲ್ಲಿಗೆಂದು ವಿಚಾರಿಸಿದ; ಹೇಳಿದೆ. ರಾಯಚೂರು ಕಡೆಯವನು, ರಾತ್ರಿ ಪಾಳಿ ಮುಗಿಸಿ ತೀರ್ಥ ತೆಗೆದುಕೊಂಡೇ ಕೋಣೆಗೆ ಹೋಗುವುದು ಅವನ ರೂಢಿ.

"ಮೈಸೂರಿಗೇನ್ರಿ ಸ್ವಾಮೇರ? ಅರಮನಿ ನೋಡಾಕ? ನಾನೂ ಒಮ್ಮಿ ಹೋಗಿದ್ನಿರಿ. ಒಳಗ ಹೋಗಾಕ ಚಪ್ಪಲಿ ಬಿಡ್ರಿ ಅಂದ್ರು. ಹೊಸಾ ಚಪ್ಪಲಿ ಇದ್ವು. ಹೊರಗಿಂದ ನೋಡಿ ಬಂದೆ."

"ನಾನೂ ಅರಮನೆಯನ್ನು ಹೊರಗಿನಿಂದಲೇ ನೋಡುತ್ತೇನಪ್ಪ," ಎಂದೆ. ಇಬ್ಬರಿಗೂ ಹೇಳಿದ್ದು ಸುಳ್ಳಲ್ಲ. ಆ ಊರಿಗೆ ಹೋಗಲು ಜನರಿಗೆ ಬೇಕಾದಷ್ಟು ಕಾರಣಗಳಿವೆ: ಬೆಟ್ಟವಿದೆ, ಅರಮನೆಯಿದೆ, ಮಾರುಕಟ್ಟೆಯ ಮಲ್ಲಿಗೆಯಿದೆ. ನನ್ನ ಕಾರಣವನ್ನು ಹೇಳಿಕೊಳ್ಳಲು ಮಾತ್ರ ನಾಚಿಕೆಯಾಯಿತು. ನನ್ನ ತಪ್ಪನ್ನು ಹಿಡಿಯಬಲ್ಲವರು ಆ ಊರಿನಲ್ಲಿದ್ದರು. ಅದಕ್ಕಾಗಿ ಹೊರಟಿದ್ದೆ.

ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು, ಮೈಸೂರಿನ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಂತ್ರವನ್ನು ಸುತ್ತಿಸುತ್ತಿದ್ದೆ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ರೈಲು ನಿಧಾನವಾದಾಗ ಕಾವೇರಿಗೆ ಕುಳಿತಲ್ಲಿಂದಲೇ ಕೈಮುಗಿದೆ. ಇಳಿದು ಮಿಂದು ಬರುವ ಶಕ್ತಿ ಈಗ ಕಾಲುಗಳಿಗಿಲ್ಲ.

ಅಗ್ರಹಾರದ ಬೀದಿಯಲ್ಲಿ ಮರದ ಕಂಬಗಳ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಅಲ್ಲಿಯ ವೇದಪಾಠಶಾಲೆಯ ಹುಡುಗರಾಗಿದ್ದಾಗ ನಾವು ಆ ಜಗಲಿಗಳ ಮುಂದೆ ಪಾಠ ಹೇಳಿಕೊಂಡು ನಡೆಯುತ್ತಿದ್ದೆವು. ಸ್ವರ ತಪ್ಪಿದರೆ ಒಳಗಿನಿಂದ ಯಾರೋ ಒಬ್ಬರು, ಅವರ ಮುಖವನ್ನು ಕಂಡಿರದಿದ್ದರೂ, "ಎಲಾ, ಮತ್ತೆ ಹೇಳು!" ಎಂದು ಗದರುತ್ತಿದ್ದರು. ಅಂಥ ಕಿವಿಗಳು ಗೋಡೆಗೊಂದರಂತೆ ಇದ್ದ ಊರು ಅದು. ಅವುಗಳೆಲ್ಲದರಲ್ಲಿ ಹರಿತವಾದ ಕಿವಿ ನನಗಿಂತ ಒಂದು ತರಗತಿ ಮುಂದಿದ್ದ ಈ ಗೆಳೆಯನದು.

ಬಾಗಿಲು ತೆರೆದವಳು ಅವನ ಸೊಸೆ. "ಬನ್ನಿ, ಬನ್ನಿ. ಜೋರಾಗಿ ಮಾತಾಡ್ಬೇಕು ನೀವು. ಮಾವನೋರಿಗೆ ಕಿವಿ ಪೂರ್ತಿ ಹೋಗಿದೆ. ಮಿಷನ್ ತಂದ್ಕೊಟ್ರೆ ಅದರೊಳಗೆ ಸಾಂಬಾರ್ ಕುದಿಯೋ ಸದ್ದು ಕೇಳತ್ತೆ ಅಂತ ಬಿಸಾಕಿದ್ರು."

ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅಷ್ಟು ದೂರದಿಂದ, ಅಷ್ಟು ನೋಯುವ ಕಾಲುಗಳನ್ನು ಎಳೆದುಕೊಂಡು, ಕಿವಿಯೊಂದನ್ನು ಅರಸಿ ಬಂದಿದ್ದೆ.

ಗೆಳೆಯ ನಡುಮನೆಯ ಚಾಪೆಯ ಮೇಲಿದ್ದ. ನನ್ನನ್ನು ಕಂಡು ಮನೆ ನಡುಗುವಂತೆ ಕೂಗಿದ: "ಏನಯ್ಯಾ! ಬೆಂಗಳೂರಿನ ದೂಳೆಲ್ಲಾ ಮೈಮೇಲೇ ಹೊತ್ಕೊಂಡು ಬಂದಿದ್ದೀಯಲ್ಲಯ್ಯಾ!" ಕಾಫಿ ಬಂತು. ಕುಡಿದೆ. ಏನೂ ಹೇಳದೆ ಎದ್ದು ಹೋಗೋಣವೆನ್ನಿಸಿತು. ಆದರೆ ಹಾಗೆ ಹಿಂದಿರುಗಿದರೆ ಸೋಮವಾರ ಮತ್ತೆ ಉಳಿದ ನೀರನ್ನು ನೋಡಬೇಕಲ್ಲ. ಸೊಸೆಯಿಂದ ಒಂದು ಹಾಳೆ ಪಡೆದು, ದಪ್ಪ ಅಕ್ಷರಗಳಲ್ಲಿ ವಿಷಯವನ್ನು ಬರೆದು ಮುಂದಿಟ್ಟೆ.

ಓದಿದ ಗೆಳೆಯ ನಗಲಿಲ್ಲ. ಚಾಪೆಯನ್ನು ತಟ್ಟಿ, "ಕೂತ್ಕೋ. ಬೆನ್ನು ನೆಟ್ಟಗೆ. ಹೇಳು," ಎಂದು, ತನ್ನ ಅಂಗೈಯನ್ನು ನನ್ನ ನೆತ್ತಿಯ ಮೇಲಿಟ್ಟ.

ಆಗ ಅರ್ಥವಾಯಿತು. ನಮ್ಮ ಗುರುಗಳು ಪಾಠ ಹೇಳಿಕೊಟ್ಟದ್ದು ಹಾಗೆಯೇ: ಶಿಷ್ಯನ ತಲೆಯ ಮೇಲೆ ಕೈಯಿಟ್ಟು, ಸ್ವರ ಕೆಳಗಿಳಿದರೆ ತಲೆಯನ್ನು ತಗ್ಗಿಸಿ, ಮೇಲೇರಿದರೆ ಎತ್ತಿ. ಆ ಅಭ್ಯಾಸ ನಮ್ಮ ಕತ್ತುಗಳನ್ನು ಇಂದಿಗೂ ಬಿಟ್ಟಿಲ್ಲ. ಮಂತ್ರ ಹೇಳುವಾಗ ತಲೆ ತಾನಾಗಿಯೇ ಏರಿಳಿಯುತ್ತದೆ. ಗೆಳೆಯ ಆ ಏರಿಳಿತವನ್ನು ಅಂಗೈಯಲ್ಲಿ ಕೇಳಿಸಿಕೊಳ್ಳತೊಡಗಿದ.

ಸ್ವಲ್ಪ ಹೊತ್ತಿಗೇ ಕೈ ಬಿಗಿಯಾಯಿತು. "ಯಾಕಯ್ಯಾ ಈ ಓಟ? ಯಾರಾದ್ರೂ ಅಟ್ಟಿಸ್ಕೊಂಡ್ ಬರ್ತಿದಾರಾ? ಮೊದಲಿಂದ ಹೇಳು."

ಮೊದಲಿನಿಂದ ಹೇಳಿದೆ. ನಡುವಿನಲ್ಲೊಂದು ಕಡೆ ನೆತ್ತಿ ಅದುಮಿದಂತಾಯಿತು. "ನಿಲ್ಲು. ಇಲ್ಲಿ ತಗ್ಗಬೇಕಾಗಿತ್ತು, ನೀನು ಎತ್ತಿದೆ. ಎರಡು ಭಾಗ ನುಂಗಿಬಿಟ್ಟೆ. ಇಲ್ಲೇ ಯಾಕೆ?"

ಮತ್ತೆ ಹೇಳಿದೆ, ಅಲ್ಲಿಗೆ ಬರುತ್ತಿದ್ದಂತೆ ಯಾವ ಸದ್ದೂ ಇಲ್ಲದ ಆ ಮನೆಯಲ್ಲಿ ನನ್ನ ಎದೆ ತಾನಾಗಿಯೇ ಓಡತೊಡಗಿತು. ಅದು ಸೈರನ್ ಕೂಗುವ ಜಾಗ. ಮಂತ್ರದ ಅದೇ ಪದದ ಮೇಲೆ, ವರ್ಷಗಳಿಂದ, ದಿನವೂ ಆ ಕೂಗು ಬಂದು ಬೀಳುತ್ತಿತ್ತು. ನಾನು ಮರೆತಿರಲಿಲ್ಲ, ಅಲ್ಲಿಂದ ಓಡಲು ಕಲಿತಿದ್ದೆ.

ಅದನ್ನೂ ಹಾಳೆಯ ಮೇಲೆ ಬರೆದು ತೋರಿಸಿದೆ. ಈಗ ಅವನು ನಕ್ಕ. "ಕೂಗೋದು ಅದರ ಕೆಲಸ. ನಿಲ್ಲೋದು ನಿನ್ನ ಕೆಲಸ. ಹೇಳು ಮತ್ತೆ." ಬಿಸಿಲು ಜಗಲಿಯನ್ನು ದಾಟಿ ಹೋಗುವವರೆಗೂ ಹೇಳಿಸಿದ. ಹೊರಟಾಗ ಬಾಗಿಲವರೆಗೆ ಬಂದು, "ಇನ್ನೊಂದ್ಸಲ ಮರೆಯೋದಿದ್ರೆ ಬೇಗ ಮರಿ. ನಾನೇನ್ ನಿನಗೋಸ್ಕರ ಇಲ್ಲೇ ಕಾಯ್ತಾ ಕೂತಿರ್ತೀನಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಅರಮನೆಯನ್ನು ಆಟೋದಿಂದಲೇ ನೋಡಿದೆ. ರಸಬಾಳೆ ಸಿಗಲಿಲ್ಲ. ಪುಟಬಾಳೆಯನ್ನೇ ತಂದು, ಪುಟಬಾಳೆ ಎಂದೇ ಹೇಳಿದೆ.

ಸೋಮವಾರ ಧಾರಾಪಾತ್ರೆಯನ್ನು ಎಂದಿನಷ್ಟೇ ತುಂಬಿಸಿದೆ. ಮೊದಲ ಸೈರನ್ ಆ ಪದದ ಮೇಲೆಯೇ ಬಿತ್ತು. ನಾಲಗೆ ಜಿಗಿಯಲು ಹವಣಿಸಿತು. ನೆತ್ತಿಯ ಮೇಲೆ ಇಲ್ಲದ ಅಂಗೈಯ ಭಾರವನ್ನು ನೆನೆದು, ಬಾಯಿ ಮುಚ್ಚಿ ನಿಂತೆ. ಕೂಗು ಪೂರ್ತಿ ಅಡಗಿದ ಮೇಲೆ ಬಿಟ್ಟಲ್ಲಿಂದ ಹೇಳಿದೆ, ನಿಧಾನವಾಗಿ. ಹಿಂದೆ ಬೂಟುಗಳ ಸದ್ದು ಒಂದೊಂದಾಗಿ ಗೇಟಿನ ಕಡೆ ಸರಿಯಿತು. "ಏನ್ ಸ್ವಾಮಿಗಳೇ, ಇವತ್ತು ನೀವೇ ಓವರ್‌ಟೈಮ್ ಮಾಡ್ತಿದ್ದೀರಾ?" ಎಂದು ಸೂಪರ್‌ವೈಸರ್ ಹೊಸ್ತಿಲು ಮುಟ್ಟಿ ನಮಸ್ಕರಿಸಿ ಹೋದರು.

ಈ ಬಾರಿ ನೀರು ಮೊದಲು ಮುಗಿಯಿತು, ಮಂತ್ರ ಉಳಿಯಿತು. ಚೆಂಬಿನಿಂದ ಕೈಯಾರೆ ನೀರೆರೆಯುತ್ತ ಉಳಿದದ್ದನ್ನು ಹೇಳಿ ಮುಗಿಸಿದೆ. ಮಂಗಳಾರತಿಗೆ ನಿಂತಿದ್ದವನು ಕಾವಲುಗಾರನೊಬ್ಬನೇ. ಕಣ್ಣುಗಳಲ್ಲಿ ನಿದ್ದೆ ತುಂಬಿತ್ತು.

"ಇವತ್ತ ಭಾಳ ಹೊತ್ತಾತಲ್ರಿ, ಸ್ವಾಮೇರ."

"ಹೌದಪ್ಪ," ಎಂದು ತೀರ್ಥ ಕೊಟ್ಟೆ.

ತೀರ್ಥ ಸಿಗದೆ ಹೋದವರ ಕೈಗಳು ಆ ದಿನವೆಲ್ಲ ಕಣ್ಣ ಮುಂದಿದ್ದವು. ಅವರನ್ನು ನಿಲ್ಲಿಸಲಾಗದು, ಮಂತ್ರವನ್ನು ಓಡಿಸಲಾಗದು. ಈಗ ಸೈರನ್‌ಗಿಂತ ಬಹಳ ಮೊದಲೇ ಬಾಗಿಲು ತೆರೆಯುತ್ತೇನೆ. ಎದ್ದೇಳುವಾಗ ಮೊಣಕಾಲುಗಳು ಪ್ರತಿದಿನವೂ ಬೇಡವೆನ್ನುತ್ತವೆ.